ಆರು ಅಂಕಿಯ ಕೋಡ್, ಖಾಲಾ ಕಳೆದುಕೊಂಡ 4,000 ರೂಪಾಯಿ

ಮೋಸ ಹೋಗುವವರು ಓದುಬರಹ ಬಾರದವರು ಮಾತ್ರ ಎಂದು ನಾನು ಅಂದುಕೊಂಡಿದ್ದೆ. ನನ್ನಿಂದಲೇ ಒಂದು ತಪ್ಪು ನಡೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಒಂದು ಸಂಜೆ ಹಳೆಯ ಸಹಪಾಠಿಯ ನಂಬರಿನಿಂದ ವಾಟ್ಸ್‌ಆ್ಯಪ್ ಮೆಸೇಜ್ ಬಂತು. "ನನ್ನ ಕೋಡ್ ತಪ್ಪಿ ನಿನ್ನ ನಂಬರಿಗೆ ಬಂದಿದೆ, ಬೇಗ ಕಳಿಸು." ಎಸ್ಎಂಎಸ್‌ನಲ್ಲಿ ಆರು ಅಂಕಿಯ ಕೋಡ್ ಬಂದಿತ್ತು. ಯಾರಿಗೂ ಕೊಡಬೇಡಿ ಎಂದು ಅದರಲ್ಲೇ ಬರೆದಿತ್ತು. ಓದದೆ ಕಳಿಸಿಬಿಟ್ಟೆ. ಅದು ನನ್ನದೇ ವಾಟ್ಸ್‌ಆ್ಯಪ್ ಖಾತೆಯ ಬೀಗದ ಕೈ. ಸಹಪಾಠಿಯ ಖಾತೆಯೂ ಹೀಗೆಯೇ ಮೊದಲೇ ಕಳ್ಳರ ಪಾಲಾಗಿತ್ತು. ನನ್ನ ಫೋನಿನಲ್ಲಿ ವಾಟ್ಸ್‌ಆ್ಯಪ್ ಲಾಗ್‌ಔಟ್ ಆಯಿತು. ನೆಟ್‌ವರ್ಕ್ ತೊಂದರೆ ಎಂದುಕೊಂಡು ಮಲಗಿದೆ.

ಆ ರಾತ್ರಿ ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿದ್ದವರಿಗೆಲ್ಲ ನನ್ನ ಹೆಸರಿನಲ್ಲಿ ಹಣ ಕೇಳಿ ಮೆಸೇಜ್ ಹೋಯಿತು. ಬಟ್ಟೆ ಹೊಲಿದು ಸಂಸಾರ ನಡೆಸುವ ಖಾಲಾ 4,000 ರೂಪಾಯಿ ಕಳಿಸಿದರು. "ಘರ್ ಪೇ ಮತ್ ಬತಾನಾ" ಎಂದಿದ್ದರಿಂದ ಅಮ್ಮಿಗೂ ಹೇಳಲಿಲ್ಲ.

ಮರುದಿನ ಆ ಮೆಸೇಜ್ ನೋಡಿದೆ. ಸಲಾಂ ಇಲ್ಲ, ಖಾಲಾ ಎಂಬ ಮಾತೂ ಇಲ್ಲ. ನಮ್ಮ ಮನೆಯಲ್ಲಿ ಯಾರೂ "ಮತ್ ಬತಾನಾ" ಅನ್ನುವುದಿಲ್ಲ, "ನಕ್ಕೊ ಬೋಲೋ" ಅನ್ನುತ್ತೇವೆ. ಒಂದು ನಿಮಿಷ ನಿಂತು ಓದಿದ್ದರೆ ಗೊತ್ತಾಗುತ್ತಿತ್ತು. ಆದರೆ ಕಳ್ಳ ಆ ಒಂದು ನಿಮಿಷವನ್ನೇ ಕೊಡುವುದಿಲ್ಲ. ಬೇಗ ಮಾಡು, ಯಾರಿಗೂ ಹೇಳಬೇಡ: ಈ ಎರಡು ಮಾತು ಒಟ್ಟಿಗೆ ಬಂದರೆ ಅನುಮಾನಪಡಿ.

ನಮ್ಮನ್ನು ಹಿಡಿಯುವ ಬಲೆಗಳು

1. ಸ್ಕಾಲರ್‌ಶಿಪ್ ಬಂದಿದೆ, ಯುಪಿಐ ಪಿನ್ ಹಾಕಿ ಎನ್ನುವುದು. ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಹಾಕಿದರೆ ನಮ್ಮ ಹಣ ಹೋಗುತ್ತದೆ.

2. ಶಾದಿ ಕಾರ್ಡ್ ಹೆಸರಿನ ಎಪಿಕೆ ಫೈಲ್. ಅದು ಕಾರ್ಡ್ ಅಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿದರೆ ನಮ್ಮ ಒಟಿಪಿಗಳನ್ನು ಕದ್ದು ಓದಬಹುದು.

3. ಲೈಕ್ ಒತ್ತುವ ಪಾರ್ಟ್‌ಟೈಮ್ ಕೆಲಸ. ನಂಬಿಕೆ ಬರಲೆಂದು ಮೊದಲು ಸ್ವಲ್ಪ ಹಣ ಕೊಡುತ್ತಾರೆ, ನಂತರ ದೊಡ್ಡ ಡೆಪಾಸಿಟ್ ಕೇಳುತ್ತಾರೆ.

4. ಕಮಿಷನ್ ಕೊಡುತ್ತೇವೆ, ನಿನ್ನ ಬ್ಯಾಂಕ್ ಖಾತೆ ಕೊಡು ಎನ್ನುವುದು. ಕದ್ದ ಹಣ ನಮ್ಮ ಖಾತೆಯ ಮೂಲಕ ಸಾಗುತ್ತದೆ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ನಮ್ಮನ್ನೇ.

5. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ವೇಷದವರ "ಡಿಜಿಟಲ್ ಅರೆಸ್ಟ್". ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ.

ಮಾಡಬೇಕಾದದ್ದು

ವೋಚರ್ ಇಲ್ಲದೆ ಎಂಟ್ರಿ ಬರೆಯಬಾರದು ಎಂದು ಅಕೌಂಟೆನ್ಸಿಯಲ್ಲಿ ಕಲಿಯುತ್ತೇವೆ. ಹಣ ಕಳಿಸುವ ಮೊದಲು ನಮಗೆ ಬೇಕಾದ ವೋಚರ್ ಒಂದು ಫೋನ್ ಕರೆ. ವಾಟ್ಸ್‌ಆ್ಯಪ್ ಕರೆ ಬೇಡ. ನಮ್ಮಲ್ಲಿರುವ ಹಳೆಯ ನಂಬರಿಗೆ ನಾವೇ ಸಾಮಾನ್ಯ ಕರೆ ಮಾಡಿ ಕೇಳಬೇಕು.

ಖಾತೆ ಕೈತಪ್ಪಿದರೆ ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ನಂಬರನ್ನು ಮತ್ತೆ ನೋಂದಾಯಿಸಿ ಹೊಸ ಕೋಡ್ ಹಾಕಿ. ಕಳ್ಳ ಹೊರಬೀಳುತ್ತಾನೆ. ಅವನು ಮೊದಲೇ ಪಿನ್ ಇಟ್ಟಿದ್ದರೆ ನೀವು ಒಳಬರಲು 7 ದಿನ ಕಾಯಬೇಕಾಗಬಹುದು. ಆದ್ದರಿಂದ ಬಂಧುಗಳಿಗೆ, ಗೆಳೆಯರಿಗೆ ಕೂಡಲೇ ಫೋನ್ ಮಾಡಿ ತಿಳಿಸಿ.

ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ಸಹಾಯವಾಣಿ. ಕಳ್ಳರು ಹಣ ತೆಗೆಯುವ ಮೊದಲೇ ದೂರು ಹೋದರೆ ಬ್ಯಾಂಕಿನಲ್ಲಿ ಅದನ್ನು ತಡೆಹಿಡಿಯಬಹುದು. ನಾವು ದೂರು ಕೊಟ್ಟದ್ದು ಮರುದಿನ ಮಧ್ಯಾಹ್ನ. ಆ ಹಣ ಇನ್ನೂ ಬಂದಿಲ್ಲ.

ಖಾಲಾ ನನಗೆ ಬೈಯಲಿಲ್ಲ. ಈದಿಯಲ್ಲಿ ಬಂದ ದುಡ್ಡಿನಿಂದ ಸ್ವಲ್ಪ ತೀರಿಸಿದ್ದೇನೆ, ಉಳಿದದ್ದನ್ನೂ ತೀರಿಸುತ್ತೇನೆ.

ನಿಮ್ಮಲ್ಲಿ ಒಂದೇ ವಿನಂತಿ. ಇವತ್ತು ಮನೆಗೆ ಹೋದ ಮೇಲೆ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಅಕೌಂಟ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ನಿಮ್ಮ ಫೋನಿನಲ್ಲಿ ಮಾತ್ರವಲ್ಲ, ಅಮ್ಮಿ, ಅಬ್ಬಾ, ದಾದಿಯ ಫೋನಿನಲ್ಲೂ. ಪಕ್ಕದಲ್ಲಿ ಕುಳಿತು, ಅವರ ಕೈಯಿಂದಲೇ ಮಾಡಿಸಿ.