ಗ್ರಂಥಾಲಯದ ಅಕ್ಕ ಫೋನು ಕಲಿತದ್ದು

ನಮ್ಮೂರಲ್ಲಿ ಒಂದು ಗ್ರಂಥಾಲಯ ಇದೆ. ಪಂಚಾಯಿತಿ ಕಚೇರಿ ಪಕ್ಕದ ಕೋಣೆ. ಎರಡು ಬೀರು, ಒಂದು ಉದ್ದನೆ ಮೇಜು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಬಾಗಿಲ ಮೇಲೆ 'ಅರಿವು ಕೇಂದ್ರ' ಎಂದು ಬರೆದಿದೆ. ಅದನ್ನು ನಾವೇ ಓದಿದೆವು. ಯಾರನ್ನೂ ಕೇಳಲಿಲ್ಲ.

ನಮಗೆ ಅಕ್ಷರ ಕೂಡಿಸಿ ಓದುವುದನ್ನು ಹೇಳಿಕೊಟ್ಟವರು ಅಲ್ಲಿನ ಮೇಲ್ವಿಚಾರಕಿ. ನಾವು ಅವರನ್ನು ಅಕ್ಕ ಅಂತೀವಿ. ನಮ್ಮಲ್ಲಿ ಕೆಲವರು ಅವರಿಗಿಂತ ದೊಡ್ಡವರು. ಆದರೂ ಅಕ್ಕ ಅಂತಲೇ ಅಂತೀವಿ.

ಯಾವ ಬೀರುವಿನಲ್ಲಿ ಯಾವ ಪುಸ್ತಕ ಇದೆ ಅಂತ ಅಕ್ಕ ಕಣ್ಣು ಮುಚ್ಚಿ ಹೇಳ್ತಾರೆ. ಫೋನು ಮಾತ್ರ ಅವರಿಗೆ ಮಾತಾಡೋಕೆ ಅಷ್ಟೇ ಗೊತ್ತಿತ್ತು. ಒಂದು ದಿನ ಸಭೆಗೆ ಹೋಗಿ ಬಂದರು. ಓದುಗರಿಗೆ ವಾಟ್ಸಪ್ ಗುಂಪು ಮಾಡಬೇಕಂತೆ. ಕಂಪ್ಯೂಟರಿನಲ್ಲಿ ಪುಸ್ತಕ ತೋರಿಸಬೇಕಂತೆ. ಹೇಗೆ ಅಂತ ಹೇಳಿಕೊಡೋಕೆ ಮಾತ್ರ ಯಾರಿಗೂ ಸಮಯ ಇರಲಿಲ್ಲವಂತೆ.

ಅಕ್ಕ ಸುಮ್ಮನೆ ಕೂರಲಿಲ್ಲ. ಓದೋಕೆ ಬರುವ ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನಿಧಾನಕ್ಕೆ ಹೇಳು ಪುಟ್ಟಿ. ನಾನೂ ಈಗ ಕಲಿಯೋಳು."

"ಒತ್ತಿ ಹಿಡೀಬೇಡಿ ಮೇಡಂ. ಮುಟ್ಟಿ ಬಿಡಿ, ಸಾಕು."

ಅಕ್ಕನ ಬೆರಳು ತಡವರಿಸಿತು. ನಮಗೆ ನಗು ಬಂತು. ಆಮೇಲೆ ನಾಚಿಕೆಯೂ ಆಯಿತು. ಮೊದಲ ದಿನ ಬಳಪ ಹಿಡಿದಾಗ ನಮ್ಮ ಬೆರಳೂ ಹೀಗೇ ತಾನೆ ಆಡಿದ್ದು?

ಗುಂಪು ಆಯಿತು. 'ಓದುಗರ ಬಳಗ' ಅಂತ ಹೆಸರಿಟ್ಟರು. ಮೊದಲ ವಾರವೇ ಒಂದು ಎಡವಟ್ಟು. 'ಬರುವಾಗ ಅರ್ಧ ಲೀಟರ್ ಹಾಲು ತನ್ನಿ' ಅಂತ ಅಕ್ಕ ಮನೆಯವರಿಗೆ ಬರೆದರು. ಅದು ಗುಂಪಿಗೆ ಹೋಯಿತು. ಸಂಜೆ ಇಬ್ಬರು ಹಾಲು ತಂದರು. ಅಕ್ಕ ಇಬ್ಬರಿಗೂ ದುಡ್ಡು ಕೊಟ್ಟು ಹಾಲು ತೆಗೆದುಕೊಂಡರು.

ಆಮೇಲೆ ಕೈ ಕುದುರಿತು. ಹೊಸ ಪುಸ್ತಕ ಬಂದರೆ ಅದರ ಫೋಟೋ ಹಾಕುತ್ತಾರೆ. ಬೇಕಾದವರು 'ನನಗೆ ಇಡಿ' ಅಂತ ಬರೆಯುತ್ತೇವೆ. ಹೊಲದಿಂದ ಬಂದು, ಪುಸ್ತಕ ಇಲ್ಲ ಅಂತ ಬರಿಗೈಲಿ ಹೋಗುವುದು ತಪ್ಪಿತು. ಗ್ರಂಥಾಲಯದ ಗೋಡೆ ಮೇಲೆ ಎಸ್. ಆರ್. ರಂಗನಾಥನ್ ಅವರ ಫೋಟೋ ಇದೆ. ಗ್ರಂಥಾಲಯ ಹೇಗೆ ನಡೀಬೇಕು ಅಂತ ಅವರು 1931ರಲ್ಲಿ ಐದು ನಿಯಮ ಬರೆದರು. ಓದುಗರ ಸಮಯ ಉಳಿಸಬೇಕು ಅನ್ನುವುದು ಅದರಲ್ಲಿ ಒಂದು. ಆಗ ವಾಟ್ಸಪ್ ಎಲ್ಲಿತ್ತು? ನಿಯಮ ಮಾತ್ರ ಇತ್ತು.

ಇನ್ನೊಂದು ದಿನ ಹುಡುಗಿ ಕನ್ನಡ ವಿಕಿಪೀಡಿಯ ತೋರಿಸಿದಳು. 2003ರಿಂದ ಇರುವ ವಿಶ್ವಕೋಶ ಅದು.

"ಇದನ್ನ ಬರೆದೋರು ಯಾರು?" ಅಕ್ಕ ಕೇಳಿದರು.

"ಯಾರು ಬೇಕಾದರೂ ಬರೀಬಹುದು ಮೇಡಂ."

"ಹಾಗಾದರೆ ತಪ್ಪೂ ಬರೀಬಹುದು!"

"ಇನ್ನೊಬ್ಬರು ತಿದ್ದಲೂಬಹುದು."

ವಿಷಯ ಎಲ್ಲಿಂದ ತೆಗೆದುಕೊಂಡದ್ದು ಅಂತ ಪುಟದ ಕೆಳಗೆ ಕೊಟ್ಟಿರುತ್ತಾರೆ. ಅಕ್ಕ ಈಗ ಮೊದಲು ಅಲ್ಲಿಗೇ ಹೋಗಿ ನೋಡುತ್ತಾರೆ. ಏನೂ ಕೊಟ್ಟಿಲ್ಲದಿದ್ದರೆ ಮುಖ ಗಂಟು ಹಾಕುತ್ತಾರೆ.

ಹೀಗೆ ತಡವರಿಸಿ ಕಲಿತ ಗ್ರಂಥಾಲಯದವರು ಬೇರೆ ಕಡೆಯೂ ಇದ್ದಾರೆ. ಅಮೆರಿಕದಲ್ಲಿ ಶಾರ್ಲೆಟ್ ಅಂತ ಒಂದು ನಗರ. ಅಲ್ಲಿನ ಗ್ರಂಥಾಲಯದ ನೌಕರರಿಗೂ ಇಂಟರ್ನೆಟ್ಟಿನ ಹೊಸ ಸಾಧನಗಳು ಗೊತ್ತಿರಲಿಲ್ಲ. 2006ರಲ್ಲಿ ಹೆಲೆನ್ ಬ್ಲೋವರ್ಸ್ ಎಂಬ ಅಧಿಕಾರಿ ಅವರಿಗೆ 23 ಚಿಕ್ಕ ಚಿಕ್ಕ ಕೆಲಸ ಕೊಟ್ಟರು. ಫೋಟೋ ಹಾಕುವುದು ಒಂದು. ತಾವೇ ಒಂದು ಪುಟ ಬರೆಯುವುದು ಇನ್ನೊಂದು. ಆಟ ಆಡಿದ ಹಾಗೆ ಮುಟ್ಟಿ ನೋಡಿ ಕಲಿಯಿರಿ ಎಂದರು. ಎಲ್ಲ ಮುಗಿಸಿದವರಿಗೆ ಹಾಡು ಕೇಳುವ ಪುಟ್ಟ ಯಂತ್ರ ಬಹುಮಾನ. ನಮ್ಮ ಅಕ್ಕನಿಗೆ ಸಿಕ್ಕಿದ್ದು ಒಂದು ಲೀಟರ್ ಹಾಲು. ಅದಕ್ಕೂ ದುಡ್ಡು ಕೊಟ್ಟರು.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆಷಾಢದಲ್ಲಿ ಒಂದು ಬೆಳಿಗ್ಗೆ ಗುಂಪಿಗೆ ಒಂದು ಸುದ್ದಿ ಬಂತು. 'ಮಕ್ಕಳ ಕಳ್ಳರು ಬಂದಿದ್ದಾರೆ. ಪಾತ್ರೆ ಮಾರುವವರ ವೇಷದಲ್ಲಿದ್ದಾರೆ. ಎಲ್ಲರಿಗೂ ಕಳಿಸಿ.' ಜೊತೆಗೆ ಅಳುವ ಮಗುವಿನ ಫೋಟೋ.

ನಾವು ಹೊಸದಾಗಿ ಓದು ಕಲಿತವರು. ಅಕ್ಷರದಲ್ಲಿ ಬಂದದ್ದೆಲ್ಲ ನಿಜ ಅಂತ ತಿಳಿದಿದ್ದೆವು. ನಮ್ಮಲ್ಲಿ ಮೂವರು ಅದನ್ನು ಮುಂದಕ್ಕೆ ಕಳಿಸಿದೆವು. ಇದನ್ನು ಮುಚ್ಚಿಡುವುದು ಬೇಡ.

ಮಧ್ಯಾಹ್ನ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡೋನು ಸೈಕಲ್ಲಿನಲ್ಲಿ ಬಂದ. ಅಳುತ್ತಿದ್ದ ಒಂದು ಮಗುವಿಗೆ ಬಲೂನು ಕೊಟ್ಟ. ಅಷ್ಟೇ. ಯಾರೋ ಸೈಕಲ್ಲು ಹಿಡಿದರು. ಯಾರೋ ಅವನ ಕೆನ್ನೆಗೆ ಹೊಡೆದರು. ಜನ ಸೇರಿತು. ಪಾತ್ರೆಗಳೆಲ್ಲ ಮಣ್ಣಿಗೆ ಬಿದ್ದವು.

ಅಕ್ಕ ಗ್ರಂಥಾಲಯದಿಂದ ಓಡಿ ಬಂದರು. ಅವನ ಮುಂದೆ ನಿಂತರು.

"ಯಾವ ಊರಿನ ಮಗು ಕಾಣೆಯಾಗಿದೆ? ಹೆಸರು ಹೇಳಿ."

"ಮೊಬೈಲಲ್ಲಿ ಬಂದಿದೆ ಅಕ್ಕ."

"ಮೊಬೈಲಿಗೆ ಕಳಿಸಿದೋರು ಯಾರು?"

ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಪೊಲೀಸ್ ಠಾಣೆಗೆ ಫೋನು ಮಾಡಿದರು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು. ಅಂಥ ದೂರು ಒಂದೂ ಬಂದಿಲ್ಲ ಎಂದರು ಠಾಣೆಯವರು. ಆಮೇಲೆ ಅಕ್ಕ ಬೀದರ್ ಜಿಲ್ಲೆಯ ಮುರ್ಕಿ ಸಂಗತಿ ಹೇಳಿದರು. 2018ರ ಜುಲೈನಲ್ಲಿ ಹೈದರಾಬಾದಿನಿಂದ ಸ್ನೇಹಿತರು ಕೆಲವರು ಆ ಕಡೆ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಪ್ಪಿನಲ್ಲಿ ಸುದ್ದಿ ಹಬ್ಬಿತು. ಮುರ್ಕಿಯಲ್ಲಿ ಜನ ಅಡ್ಡ ಹಾಕಿ ಹೊಡೆದರು. ಒಬ್ಬ ಸತ್ತೇ ಹೋದ. ಅವರು ಕಳ್ಳರಲ್ಲ.

ಕೆನ್ನೆಗೆ ಹೊಡೆದವನು ತಲೆ ತಗ್ಗಿಸಿದ. ನಾವು ಪಾತ್ರೆ ಆರಿಸಿ ಕೊಟ್ಟೆವು. ಎರಡು ಲೋಟ ನುಗ್ಗಾಗಿದ್ದವು.

ಸಂಜೆ ಗ್ರಂಥಾಲಯದಲ್ಲಿ ಕೂತಾಗ ಅಕ್ಕ ಅತ್ತರು.

"ಬೆಳಿಗ್ಗೆಯೇ ನೋಡಿದ್ದೆ ಕಣ್ರೇ. ಸುಳ್ಳು ಅಂತ ಅನ್ನಿಸ್ತು. ಅಳಿಸೋದು ಹೇಗೆ ಅಂತ ಗೊತ್ತಾಗಲಿಲ್ಲ. ಕೇಳೋಕೆ ನಾಚಿಕೆಯಾಗಿ ಸುಮ್ಮನಾದೆ."

ಹುಡುಗಿ ಫೋನು ತೆಗೆದುಕೊಂಡು ತೋರಿಸಿದಳು. ಗುಂಪು ನಡೆಸುವವರು ಬೇರೆಯವರು ಹಾಕಿದ ಸುದ್ದಿಯನ್ನೂ ತೆಗೆಯಬಹುದು. ಸುದ್ದಿಯನ್ನು ಒತ್ತಿ ಹಿಡಿಯಬೇಕು. ಕಸದ ಬುಟ್ಟಿಯ ಗುರುತು ಬರುತ್ತದೆ. ಅದನ್ನು ಮುಟ್ಟಿ, ಎಲ್ಲರಿಗೂ ಅಳಿಸು ಅಂತ ಕೊಡಬೇಕು. ಸುದ್ದಿಯ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದದ್ದು. ಅದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಕಳಿಸಬಹುದು. ಅಕ್ಕ ಇದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ನಾವೂ ಬರೆದುಕೊಂಡೆವು. ಆ ಸುದ್ದಿಗೂ ಎರಡು ಬಾಣ ಇತ್ತು. ನಾವೇ ನೋಡಿರಲಿಲ್ಲ.

ಅಕ್ಕ ಅದನ್ನು ಗುಂಪಿನಿಂದ ತೆಗೆದರು. ಸುಳ್ಳು ಸುದ್ದಿ ಅಂತ ತಮ್ಮ ದನಿಯಲ್ಲೇ ಹೇಳಿ ಕಳಿಸಿದರು. ಓದೋಕೆ ನಿಧಾನ ಆದವರೂ ಕೇಳಲಿ ಅಂತ. ನಾವು ಮೂವರೂ ಯಾರ್‍ಯಾರಿಗೆ ಕಳಿಸಿದ್ದೆವೋ ಅವರಿಗೆಲ್ಲ ಫೋನು ಮಾಡಿ ಹೇಳಿದೆವು. ಅವರು ಆಗಲೇ ಬೇರೆಯವರಿಗೆ ಕಳಿಸಿ ಆಗಿತ್ತು.

ಗುಂಪು ಈಗಲೂ ನಡೀತಿದೆ. ಬಟ್ಟೆಗೆ ಪಾತ್ರೆ ಕೊಡೋನು ಮಾತ್ರ ಮತ್ತೆ ನಮ್ಮೂರ ಕಡೆ ಬಂದಿಲ್ಲ. ಅವನ ಊರು ಯಾವುದು ಅಂತಲೂ ನಾವು ಕೇಳಿರಲಿಲ್ಲ.