ಕ್ರೂಸರ್ ಹಡಗು ಮತ್ತು ಕಲ್ಲಿದ್ದಲು

ಸೊಲ್ಲಾಪುರದವರಾದ ನಮಗೆ ಸಮುದ್ರ ದೂರ. ಆದರೆ ನಮ್ಮೂರಿನ ರೈಲುಹಳಿ ಹಿಡಿದು ಹೊರಟರೆ ಮದ್ರಾಸು, ಅಂದರೆ ಇಂದಿನ ಚೆನ್ನೈ, ಮುಟ್ಟಬಹುದು. 1914ರ ಸೆಪ್ಟೆಂಬರ್ 22ರ ರಾತ್ರಿ ‘ಎಮ್ಡನ್’ ಎಂಬ ಜರ್ಮನ್ ಕ್ರೂಸರ್ ಆ ನಗರದ ಮೇಲೆ ಗುಂಡಿನ ಮಳೆಗರೆಯಿತು. ಎಣ್ಣೆಯ ಟ್ಯಾಂಕುಗಳು ಹೊತ್ತಿ ಉರಿದವು.

ಕ್ರೂಸರ್ ಎಂದರೇನು? ದೂರದ ಕಡಲುಗಳಲ್ಲಿ ವ್ಯಾಪಾರಿ ಹಡಗುಗಳನ್ನು ಕಾಯುವ, ಇಲ್ಲವೆ ಶತ್ರುವಿನವನ್ನು ಹಿಡಿಯುವ ವೇಗದ ಯುದ್ಧನೌಕೆ. ಮೈಗೆಲ್ಲ ದಪ್ಪ ಉಕ್ಕು ಹೊದಿಸಿದರೆ ಭಾರ ಹೆಚ್ಚಿ ವೇಗ ಕುಗ್ಗುತ್ತದೆ. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ಅನೇಕ ಕ್ರೂಸರುಗಳಲ್ಲಿ ಯಂತ್ರ, ಬಾಯ್ಲರ್, ಮದ್ದಿನ ಕೋಣೆಗಳ ಮೇಲೆ ಮಾತ್ರ ಆಮೆಯ ಚಿಪ್ಪಿನಂತಹ ಉಕ್ಕಿನ ಹೊದಿಕೆ ಇರುತ್ತಿತ್ತು. ಎರಡೂ ಪಕ್ಕಗಳಲ್ಲಿ ಕಲ್ಲಿದ್ದಲಿನ ಕೋಣೆಗಳು. ಅದೇ ಉರುವಲು, ಅದೇ ಗುರಾಣಿ! 1908ರಲ್ಲಿ ನೀರಿಗಿಳಿದ ಎಮ್ಡನ್ ಸಹ ಈ ಪರಂಪರೆಯದೇ.

ಆದರೆ ಕಲ್ಲಿದ್ದಲು ಉರಿದಷ್ಟೂ ಗುರಾಣಿ ಸವೆಯುತ್ತದೆ. ಹತ್ತಿರ ತನ್ನದೊಂದು ಬಂದರಿಲ್ಲದ ಎಮ್ಡನ್, ಸೆರೆಹಿಡಿದ ಹಡಗುಗಳ ಕಲ್ಲಿದ್ದಲನ್ನೂ ನೆಚ್ಚಬೇಕಾಯಿತು. 1914ರ ನವೆಂಬರ್ 9ರಂದು ಕೊಕೊಸ್ ದ್ವೀಪಗಳ ಬಳಿ ದೂರದಲ್ಲಿ ಹೊಗೆ ಕಂಡಾಗ ತನ್ನ ಕಲ್ಲಿದ್ದಲ ಹಡಗೇ ಬಂತೆಂದು ನಾವಿಕರು ತಿಳಿದರು. ಬಂದದ್ದು ಆಸ್ಟ್ರೇಲಿಯದ ‘ಸಿಡ್ನಿ’. ಅದರ ವೇಗವೂ ಹೆಚ್ಚು, ತೋಪುಗಳೂ ದೊಡ್ಡವು. ಎಮ್ಡನ್ನಿನ ನೂರಕ್ಕೂ ಹೆಚ್ಚು ನಾವಿಕರು ಮಡಿದರು.

ಒಂದು ಗುಣವನ್ನು ಹೆಚ್ಚಿಸಿದರೆ ಇನ್ನೊಂದನ್ನು ಬಿಡಬೇಕಾಗುತ್ತದೆ. ಯಂತ್ರ ರಚಿಸುವವರ ಈ ಲೆಕ್ಕಕ್ಕೆ ಬೆಲೆ ತೆರುವವರು ಅದರೊಳಗಿನ ಮನುಷ್ಯರು ಎಂಬುದನ್ನು ಮರೆಯದಿರೋಣ.