ವಾಯುಮಂಡಲವೂ ಅಮ್ಮನ ಒಂದು ಪ್ರಶ್ನೆಯೂ

ಕಳೆದ ಮಾಗಿಯ ಒಂದು ಮುಂಜಾನೆ. ಕೃಷ್ಣರಾಜಪುರದ ರೈಲು ನಿಲ್ದಾಣದ ಬಳಿ ನನ್ನ ತಾಯಿ ಇಡ್ಲಿ ಮಾರುವ ಗಾಡಿಯ ಪಕ್ಕದಲ್ಲಿ ನಿಂತು ನಾನು ಪರೀಕ್ಷೆಗೆ ಓದಿಕೊಳ್ಳುತ್ತಿದ್ದೆ. ಭೂಗೋಳಶಾಸ್ತ್ರದಲ್ಲಿ ವಾಯುಮಂಡಲದ ಪಾಠ. ರಸ್ತೆಯಂಚಿನಲ್ಲಿ ಯಾರೋ ಕಸಕ್ಕೆ ಬೆಂಕಿಯಿಟ್ಟಿದ್ದರು. ಆ ಹೊಗೆಯೂ ಲಾರಿಗಳ ಹೊಗೆಯೂ ಸೇರಿ ತೆಂಗಿನಮರದೆತ್ತರದಲ್ಲಿ ಚಾಪೆ ಹಾಸಿದಂತೆ ನಿಂತಿತ್ತು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತ ಕೇಳಿದಳು: “ಅಲ್ಲ ಕಣೋ, ಅಷ್ಟು ದೊಡ್ಡ ಆಕಾಶ ಖಾಲಿ ಬಿದ್ದಿದೆ. ಈ ಹೊಗೆ ಅಲ್ಲಿಗೆ ಹೋಗದೆ ಇಲ್ಲೇ ಯಾಕೆ ಬಿದ್ದಿರುತ್ತೆ?”

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮಂಡಲಗಳ ಹೆಸರುಗಳೆಲ್ಲ ಬಾಯಿಪಾಠವಾಗಿದ್ದುವು. ಆದರೆ ಅಮ್ಮನಿಗೆ ಉತ್ತರ ಹೇಳಲಾಗಲಿಲ್ಲ. ಆ ಉತ್ತರವನ್ನು ಹುಡುಕಿಕೊಂಡು ಹೋದುದರ ಫಲವೇ ಈ ಲೇಖನ.

ಮೊದಲು ಗಾಳಿ ಎಂದರೇನೆಂಬುದನ್ನು ನೋಡೋಣ. ಒಣಗಾಳಿಯ ನೂರು ಪಾಲಿನಲ್ಲಿ ಸಾರಜನಕ 78, ಆಮ್ಲಜನಕ 21. ಉಳಿದ ಒಂದು ಪಾಲಿನಲ್ಲಿ ಹೆಚ್ಚಿನದು ಆರ್ಗಾನ್. ಇಂಗಾಲದ ಡೈಆಕ್ಸೈಡು ಹತ್ತು ಸಾವಿರಕ್ಕೆ ಸುಮಾರು ನಾಲ್ಕು ಪಾಲು ಮಾತ್ರ. ಆದರೂ ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಅದರ ಪಾತ್ರ ದೊಡ್ಡದು. ಇವುಗಳೊಡನೆ ನೀರಿನ ಆವಿಯೂ ಧೂಳೂ ಕಾಲಕ್ಕೂ ಸ್ಥಳಕ್ಕೂ ತಕ್ಕಂತೆ ಬೆರೆತಿರುತ್ತವೆ.

ಮೇಲಕ್ಕೆ ಹೋದಂತೆ ಆಮ್ಲಜನಕದ ಪಾಲು ಕಡಿಮೆಯಾಗುವುದೆಂದು ನಾನು ತಿಳಿದಿದ್ದೆ. ಅದು ತಪ್ಪು. ಸುಮಾರು 80 ಕಿಲೋಮೀಟರಿನವರೆಗೂ ನೂರಕ್ಕೆ 21 ಎಂಬ ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಕಡಿಮೆಯಾಗುವುದು ಗಾಳಿಯೇ. ಗಾಳಿಗೂ ಭಾರವುಂಟಷ್ಟೆ, ಆ ಭಾರದಿಂದ ಅದು ನೆಲದ ಬಳಿಯೇ ಒತ್ತೊತ್ತಾಗಿ ಸೇರಿಕೊಂಡಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಆದುದರಿಂದ ವಾಯುಮಂಡಲದ ಹತ್ತನೆಯ ಒಂದು ಪಾಲು ನಮ್ಮ ಮಟ್ಟಕ್ಕಿಂತ ಕೆಳಗೇ ಉಳಿಯಿತು! ಅಮ್ಮನ ಇಡ್ಲಿ ಪಾತ್ರೆಯ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿಯಲ್ಲೇ ಕುದಿಯುವುದು ಇದರಿಂದಲೇ. ನಾನು ಕಂಟೋನ್ಮೆಂಟಿಗೆ ಬರುವ ರೈಲುಹಾದಿ ಸುಮಾರು ಹತ್ತು ಕಿಲೋಮೀಟರು. ಅದನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿದರೆ, ಗಾಳಿಯ ಸುಮಾರು ಮುಕ್ಕಾಲು ಪಾಲು ಅದರ ತುದಿಗಿಂತ ಕೆಳಗೆ ಇರುತ್ತದೆ. ಅಮ್ಮ ‘ದೊಡ್ಡ ಆಕಾಶ’ ಎಂದಳು. ಉಸಿರಾಡಬಹುದಾದ ಆಕಾಶ ಎಷ್ಟು ಚಿಕ್ಕದು!

ಇದನ್ನು ಪರೀಕ್ಷಿಸಿ ನೋಡುವ ಸ್ಥಳವೊಂದು ನಮ್ಮ ಊರಿನ ಪೂರ್ವಭಾಗದಲ್ಲೇ ಇದೆ. ವಿಮಾನಪುರದಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯ ಸಂಸ್ಥೆ 1957ರಲ್ಲಿ ಆರಂಭವಾಯಿತು. ಅಲ್ಲಿನ ಮುಚ್ಚಿದ ಕೋಣೆಯೊಂದರಿಂದ ಗಾಳಿಯನ್ನು ಹೊರಕ್ಕೆಳೆದು, ವಿಮಾನ ಚಾಲಕರಿಗೆ ನೆಲದ ಮೇಲೆಯೇ ಎತ್ತರದ ಅನುಭವವನ್ನು ಕೊಡುತ್ತಾರೆ. ಆಮ್ಲಜನಕ ಸಾಲದೆ ಹೋದಾಗ ಮನುಷ್ಯನ ಬರವಣಿಗೆ ವಕ್ರವಾಗುತ್ತದೆ, ಲೆಕ್ಕ ತಪ್ಪುತ್ತದೆ. ಆದರೆ ತಾನು ತಪ್ಪುತ್ತಿರುವುದೇ ಅವನಿಗೆ ತಿಳಿಯುವುದಿಲ್ಲ. ಗಗನಯಾನಕ್ಕೆ ಹೋಗುವವರ ಆಯ್ಕೆಯ ಪರೀಕ್ಷೆಗಳೂ 2019ರಲ್ಲಿ ಇಲ್ಲೇ ನಡೆದುವು.

ಇನ್ನು ಮಂಡಲಗಳ ವಿಚಾರ. ಇವುಗಳನ್ನು ವಿಂಗಡಿಸುವುದು ಉಷ್ಣತೆಯ ಏರಿಳಿತದಿಂದ. ಕೆಳಗಿನದು ಪರಿವರ್ತನಾ ಮಂಡಲ. ಇಲ್ಲಿ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ. ಮಳೆ, ಮೋಡ, ಗುಡುಗುಗಳೆಲ್ಲ ಇಲ್ಲಿಯವೇ. ಧ್ರುವಪ್ರದೇಶದಲ್ಲಿ ಇದರ ಎತ್ತರ ಎಂಟೊಂಬತ್ತು ಕಿಲೋಮೀಟರು. ನಮ್ಮ ನಾಡಿನ ಮೇಲೆ ಹದಿನಾರು ಹದಿನೇಳು. ಅದರ ಮೇಲೆ ಸುಮಾರು 50 ಕಿಲೋಮೀಟರಿನವರೆಗೆ ಸಮೋಷ್ಣ ಮಂಡಲ. ಇಲ್ಲಿರುವ ಓಝೋನ್ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ ನಮ್ಮನ್ನು ಕಾಪಾಡುತ್ತದೆ. ಆ ಹೀರಿಕೆಯಿಂದಲೇ ಇಲ್ಲಿ ಮೇಲೇರಿದಂತೆ ಉಷ್ಣತೆ ಹೆಚ್ಚುತ್ತದೆ. ಮುಂದೆ 80–85 ಕಿಲೋಮೀಟರಿನವರೆಗೆ ಮಧ್ಯಂತರ ಮಂಡಲ. ಬಹುಪಾಲು ಉಲ್ಕೆಗಳು ಇಲ್ಲಿ ಉರಿದುಹೋಗುತ್ತವೆ. ಅದರಾಚೆ ಉಷ್ಣತಾ ಮಂಡಲ, ಕೊನೆಗೆ ಬಾಹ್ಯ ಮಂಡಲ.

ಅಮ್ಮನ ಪ್ರಶ್ನೆಗೆ ಉತ್ತರ ಈ ಏರಿಳಿತದಲ್ಲೇ ಅಡಗಿತ್ತು. ಬಿಸಿಗಾಳಿ ಹಗುರ. ತನ್ನ ಸುತ್ತಲಿನ ಗಾಳಿ ತನಗಿಂತ ತಂಪಾಗಿರುವವರೆಗೆ ಮಾತ್ರ ಅದು ಮೇಲೇರಬಲ್ಲುದು. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ಇದ್ದರೆ ಏರಿಕೆ ಅಲ್ಲಿಗೆ ನಿಲ್ಲುತ್ತದೆ. ಬೇಸಗೆಯ ದೊಡ್ಡ ಗುಡುಗುಮೋಡಗಳ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗುವುದನ್ನು ನೀವೂ ನೋಡಿರಬಹುದು. ಮೋಡ ಅಲ್ಲಿ ಸಮೋಷ್ಣ ಮಂಡಲದ ಮುಚ್ಚಳಕ್ಕೆ ತಾಗಿ ಹರಡಿಕೊಂಡಿರುತ್ತದೆ.

ಅಂತಹುದೇ ಮುಚ್ಚಳವೊಂದು ಚಳಿಗಾಲದ ಇರುಳಿನಲ್ಲಿ ನಮ್ಮ ಸೂರುಗಳ ಮೇಲೆಯೇ ಬೀಳುತ್ತದೆ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗುತ್ತದೆ. ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಇದಕ್ಕೆ ಉಷ್ಣತಾ ವಿಲೋಮವೆಂದು ಹೆಸರು. ಮುಂಜಾನೆಯ ಹೊಗೆ ಸ್ವಲ್ಪ ಏರಿ, ತಣಿದು, ಆ ಮುಚ್ಚಳದಡಿಯಲ್ಲೇ ಹರಡುತ್ತದೆ. ಬಿಸಿಲು ಬಲಿತು ನೆಲ ಕಾದ ಮೇಲೆಯೇ ಅದಕ್ಕೆ ಬಿಡುಗಡೆ. ಅಷ್ಟರೊಳಗೆ ಹಾಲು ಹಾಕುವವರು, ರಸ್ತೆ ಗುಡಿಸುವವರು, ಇಡ್ಲಿ ಬೇಯಿಸುವವರು ಅದನ್ನು ಉಸಿರಾಡಿಯಾಗಿರುತ್ತದೆ.

ಇಷ್ಟನ್ನೂ ಒಂದು ಸಂಜೆ ಅಮ್ಮನಿಗೆ ಹೇಳಿದೆ. ಇಡ್ಲಿ ಪಾತ್ರೆಯನ್ನು ತೊಳೆಯುತ್ತ ಕೇಳಿಸಿಕೊಂಡು, “ಮುಚ್ಚಳ ಮುಚ್ಚಿದ್ದಾಗ ಒಳಗೆ ಯಾಕೆ ಬೆಂಕಿ ಹಾಕ್ತಾರೆ ಮತ್ತೆ? ಅವರಿಗೆ ಹೇಳೋರು ಯಾರೂ ಇಲ್ವಾ?” ಎಂದಳು.

ಮರುದಿನ ಬೆಳಿಗ್ಗೆ ನಾನೇ ಹೋಗಿ ಹೇಳಿದೆ. ಬೆಂಕಿಯಿಡುವಾತ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದನು; ಆದರೆ ಪೂರ್ತಿ ಕೇಳಿದನು. ಆ ದಿನ ಕಸ ಉರಿಯಲಿಲ್ಲ. ನಾಳೆಯ ಮಾತು ಗೊತ್ತಿಲ್ಲ. ಪರೀಕ್ಷೆಯಲ್ಲಿ ಬರೆದುದಕ್ಕಿಂತ ಅಂದು ಆಡಿದ ನಾಲ್ಕು ಮಾತುಗಳಲ್ಲಿ ನನಗೆ ಈ ಪಾಠ ಚೆನ್ನಾಗಿ ಅರ್ಥವಾಯಿತೆಂದು ಮಾತ್ರ ಹೇಳಬಲ್ಲೆ.